ಕನಕಾಂಬರದ ಪಾಲಿನ ನೀರು

ಬೇರೆಯವರ ಮನೆಯಲ್ಲಿ ವಯಸ್ಸಾದವರನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದಾರೋ ಇಲ್ಲವೋ ಎಂದು ನೋಡಿ ಹೇಳುವುದು ನನ್ನ ಕೆಲಸ. ಇದೂ ಒಂದು ಕೆಲಸವೇ ಎಂದು ಯಾರಾದರೂ ಕೇಳಿದರೆ ಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ, ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ.

ನಾನು ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಉಸ್ ಮೇಡಂ' ಎನ್ನುತ್ತಿದ್ದರು. ಯಾರಾದರೂ ಬೋರ್ಡಿನ ಮೇಲೆ ಲೆಕ್ಕ ತಪ್ಪು ಮಾಡಿದರೆ ನಾನು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಉಸ್ ಎಂದು ಒಂದು ಉಸಿರು ಬಿಡುತ್ತಿದ್ದೆ. ಅಷ್ಟಕ್ಕೇ ಹುಡುಗರು ಸೀಮೆಸುಣ್ಣ ಕೆಳಗಿಟ್ಟು ಜಾಗಕ್ಕೆ ಹೋಗಿ ಕೂರುತ್ತಿದ್ದರು. ಮನೆಯಲ್ಲೂ ಹಾಗೇ, ಹಾಲು ಉಕ್ಕಿದರೆ ಉಸ್, ಕರೆಂಟು ಹೋದರೆ ಉಸ್. "ನಿನ್ನ ಮುಂದೆ ಕುಕ್ಕರೂ ಸೋಲುತ್ತೆ ಕಣೇ" ಎಂದು ಯಜಮಾನರು ರೇಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ನನಗೆ ಅದೊಂದು ಗುಣ ಎಂದೇ ಅನಿಸಿತ್ತು, ಬಾಯಿ ಮಾಡದೆ ಕೆಲಸ ಮಾಡಿಸುವ ಗುಣ.

ನಿವೃತ್ತಿಯಾದ ಮೇಲೆ, ಮನೆಗಳಿಗೆ ಆಯಾಗಳನ್ನು ಕಳಿಸುವ ಒಂದು ಸಂಸ್ಥೆಯವರು ನನ್ನನ್ನು ಕೇಳಿಕೊಂಡು ಬಂದರು. ಆಯಾ ಎಂದರೆ ಬೆಳಿಗ್ಗೆ ಬಂದು ವಯಸ್ಸಾದವರಿಗೆ ಸ್ನಾನ ಮಾಡಿಸಿ, ಉಣ್ಣಿಸಿ, ಮಾತ್ರೆ ಕೊಟ್ಟು, ಮಗ್ಗುಲು ಬದಲಾಯಿಸಿ, ಸಂಜೆ ದೀಪ ಹಚ್ಚುವ ಮುಂಚೆ ಬಸ್ಸು ಹಿಡಿದು ತಮ್ಮೂರಿಗೆ ಹೋಗುವ ಹೆಂಗಸರು. ಅವರ ಕೆಲಸ ಹೇಗಿದೆ ಎಂದು ಮನೆಮನೆಗೆ ಹೋಗಿ ನೋಡಿ ಬರೆದುಕೊಡಬೇಕಿತ್ತು. ಅರಸೀಕೆರೆಯಲ್ಲಿ ಕೆಲವು ಮನೆ, ಹಳೇಬೀಡು ಬೇಲೂರುಗಳಲ್ಲಿ ಕೆಲವು, ಬಿಕ್ಕೋಡಿನ ಕಡೆ ತೋಟದ ಮನೆ ಒಂದೆರಡು. ನನಗೆ ಖುಷಿಯೇ ಆಯಿತು. ಇಷ್ಟು ವರ್ಷ ಇನ್ಸ್‌ಪೆಕ್ಟರು ಬಂದು ನನ್ನ ಕ್ಲಾಸು ನೋಡಿದ್ದರು, ಇನ್ನು ನಾನು ಹೋಗಿ ನೋಡುವ ಸರದಿ.

ಹೇಳದೆ ಕೇಳದೆ ಒಬ್ಬರ ಮನೆಗೆ ನುಗ್ಗುವುದು ನಮ್ಮ ಕಡೆ ಆಗದ ಮಾತು. ಹಾಗಾಗಿ ಹಿಂದಿನ ದಿನವೇ ಫೋನು ಮಾಡುತ್ತಿದ್ದೆ. ಫೋನು ಮಾಡಿದ ಮೇಲೆ ಕೇಳಬೇಕೆ? ಮಂಚಕ್ಕೆ ಒಗೆದ ದುಪ್ಪಟಿ, ಅಜ್ಜನ ಗಡ್ಡಕ್ಕೆ ಹೊಸ ಬ್ಲೇಡು, ಅಜ್ಜಿಯ ಹಣೆಗೆ ದುಂಡನೆ ಕುಂಕುಮ ಅಥವಾ ವಿಭೂತಿ, ಮೂಲೆಯಲ್ಲಿ ಊದುಬತ್ತಿ. ನನಗೆ ಕಾಫಿ, ಚಕ್ಕುಲಿ, ಹೊರಡುವಾಗ ಅರಿಶಿನ ಕುಂಕುಮ. "ಹೇಗೆ ನೋಡಿಕೊಳ್ಳುತ್ತಾರೆ?" ಎಂದು ಕೇಳಿದರೆ ಅಜ್ಜಿ ಒಮ್ಮೆ ಸೊಸೆಯ ಮುಖ, ಒಮ್ಮೆ ಆಯಾಳ ಮುಖ ನೋಡಿ, "ಚೆನ್ನಾಗ್ ನೋಡ್ಕತಾರೆ ಕಣವ್ವ, ಏನೂ ತಪ್ಪಿಲ್ಲ" ಎನ್ನುತ್ತಿದ್ದಳು. ಎಲ್ಲ ಮನೆಯಲ್ಲೂ ಅದೇ ಮಾತು, ಅದೇ ರಾಗ.

ನಾನೇನು ನಿನ್ನೆ ಹುಟ್ಟಿದವಳೇ? ಇನ್ಸ್‌ಪೆಕ್ಟರು ಬರುವ ದಿನ ಮಕ್ಕಳಿಂದ ಏನು ಹೇಳಿಸಬೇಕು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ನೆಂಟರ ಮುಂದೆ ಹೇಳುವ ಮಾತು ಮನೆಯ ಮರ್ಯಾದೆಗಾಗಿ ಹೇಳುವ ಮಾತು, ಅದನ್ನು ನಂಬಬಾರದು ಎಂದು ಸಂಸ್ಥೆಯವರಿಗೇ ನಾನು ಪಾಠ ಮಾಡಿದ್ದೆ. ಅದಕ್ಕೆ ನನ್ನದೇ ಒಂದು ಪರೀಕ್ಷೆ ಕಂಡುಕೊಂಡೆ. ಮಾತು ಮುಗಿದು ಎಲ್ಲರೂ ಸಲೀಸಾದ ಮೇಲೆ, "ಅಜ್ಜಿಗೆ ಒಂದು ಲೋಟ ನೀರು ಕೊಡಿ" ಎನ್ನುತ್ತಿದ್ದೆ. ಕೊಟ್ಟ ನೀರನ್ನು ಅವರು ಹೇಗೆ ಕುಡಿಯುತ್ತಾರೆ ಎಂದು ಗಂಟಲು ನೋಡುತ್ತಿದ್ದೆ. ಹೊತ್ತುಹೊತ್ತಿಗೆ ನೀರು ಕಂಡವರು ಒಂದು ಗುಟುಕು ಕುಡಿದು ಲೋಟ ಕೆಳಗಿಡುತ್ತಾರೆ. ಕಾಣದವರು ಎತ್ತಿದ ಲೋಟ ಇಳಿಸುವುದಿಲ್ಲ. ಪದೇ ಪದೇ ಬಚ್ಚಲಿಗೆ ಕರೆದುಕೊಂಡು ಹೋಗಬೇಕಲ್ಲ ಎಂದು ನೀರು ಕೊಡುವುದನ್ನೇ ಕಮ್ಮಿ ಮಾಡುವ ಮನೆಗಳಿವೆ. ಅದು ಯಾವ ಊದುಬತ್ತಿಯಿಂದಲೂ ಮುಚ್ಚುವುದಿಲ್ಲ.

ಈ ಪರೀಕ್ಷೆ ನನಗೆ ಹೊಳೆದದ್ದು ನಮ್ಮ ಅವ್ವನಿಂದ.

ನಾನು ಒಬ್ಬಳೇ ಮಗಳು. ಅವ್ವ ಸೊಂಟದ ಮೂಳೆ ಮುರಿದುಕೊಂಡ ಮೇಲೆ ನಮ್ಮ ಮನೆಗೆ ಬಂದಳು. ಬಂದಳು ಎನ್ನುವುದಕ್ಕಿಂತ ನಾವು ಎತ್ತಿಕೊಂಡು ಬಂದೆವು. ಹೆಣ್ಣು ಕೊಟ್ಟ ಮನೆಯಲ್ಲಿ ಕೂತು ಉಣ್ಣುವುದು ಅವಳಿಗೆ ದೊಡ್ಡ ಸಂಕಟ. ಅಳಿಯನ ಎದುರು ಅವಳು ಯಾವತ್ತೂ ಕುರ್ಚಿಯ ಮೇಲೆ ಕೂತವಳಲ್ಲ. ಅವರು ಒಳಗೆ ಬಂದರೆ ಸೆರಗು ತಲೆಗೇರುತ್ತಿತ್ತು, ಮಾತು ಬಾಗಿಲ ಹಿಂದಿನಿಂದ. ಈಗ ವಾಕರ್ ಹಿಡಿದು, ಇನ್ನೊಬ್ಬರ ತೋಳು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾಳೆ. ನಮ್ಮ ಮನೆಯಲ್ಲಿ ಬಚ್ಚಲು ಹಿಂದುಗಡೆ, ಅವ್ವನ ಕೋಣೆ ಮುಂದುಗಡೆ, ನಡುವೆ ಹಜಾರ. ಹಜಾರದಲ್ಲಿ ಟಿವಿ, ಟಿವಿ ಎದುರು ಯಜಮಾನರ ಕುರ್ಚಿ. ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅವರು, ಡಿಪೋದ ಗಲಾಟೆ ಇಲ್ಲದೆ ಬೇಜಾರು ಎಂದು ದಿನವಿಡೀ ನ್ಯೂಸ್ ಹಾಕಿಕೊಂಡು ಕೂರುತ್ತಾರೆ.

ಕಳೆದ ಬೇಸಿಗೆಯಲ್ಲಿ ಅವ್ವನಿಗೆ ಚಳಿಜ್ವರ ಬಂತು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಮೂತ್ರದ ಸೋಂಕು, ನೀರು ಸಾಲದು ಎಂದರು ಡಾಕ್ಟರು. ಮಳೆಗಾಲದಲ್ಲಿ ಮತ್ತೆ ಬಂತು. ಆಗ ಅವರು ನನ್ನನ್ನು ಹೊರಗೆ ಕರೆದು, "ಕಿಡ್ನಿಗೆ ಏಟು ಬಿದ್ದಿದೆ. ಇನ್ನೊಂದು ಸಲ ಹೀಗಾದರೆ ನಾನು ಯಾವ ಭರವಸೆಯನ್ನೂ ಕೊಡಲಾರೆ. ನೀರು ಕುಡಿಸಿ ಅಮ್ಮ" ಎಂದರು. ನಾನು ಅಲ್ಲಿಂದಲೇ ಸಂಸ್ಥೆಗೆ ಫೋನು ಮಾಡಿ, ಅವ್ವನಿಗೆಂದು ಅಲ್ಲಿಂದಲೇ ಇಟ್ಟುಕೊಂಡಿದ್ದ ಆಯಾಳನ್ನು ಬಿಡಿಸಿದೆ. ಅವಳು ಹೋಗುವಾಗ, "ನಾನು ಕೊಡ್ತಿದ್ದೆ ಮೇಡಂ, ಬೇಕಾದ್ರೆ ಅಜ್ಜೀನೇ ಕೇಳಿ" ಎಂದಳು. ನಾನು ಉಸ್ ಎಂದೆ. ಅವ್ವ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಹೊಸ ಆಯಾ ಬಂದಳು. ಬೆಳಿಗ್ಗೆ ಮಧ್ಯಾಹ್ನ ಅವಳು ನನ್ನೆದುರೇ ಲೋಟ ತುಂಬಿ ಕೊಡುತ್ತಿದ್ದಳು, ಅವ್ವ ಎತ್ತಿ ಕುಡಿಯುತ್ತಿದ್ದಳು. ಅವಳ ಊರಿನ ಬಸ್ಸು ಮೂರು ಗಂಟೆಗೇ, ಅವಳು ಹೋದ ಮೇಲೆ ನಾನೇ ಚೊಂಬು ತುಂಬಿ ಕಿಟಕಿಯ ಹತ್ತಿರ ಇಟ್ಟು ಬರುತ್ತಿದ್ದೆ. ಸಂಜೆಗೆ ಚೊಂಬು ಖಾಲಿ. ನನಗೆ ಸಮಾಧಾನ. ಮಂಚಕ್ಕೆ ತಾಗಿದ ಆ ಕಿಟಕಿಯ ಆಚೆಗೆ, ಕೈಗೆಟಕುವಷ್ಟು ಹತ್ತಿರದಲ್ಲಿ ಅವ್ವನ ಕನಕಾಂಬರದ ಕುಂಡ ಇತ್ತು. ಊರಿನಿಂದ ಬರುವಾಗ ಅವಳು ತರಿಸಿಕೊಂಡ ಒಂದೇ ಸಾಮಾನು ಅದು. ಆ ವರ್ಷ ಅದು ಹೂಬಿಟ್ಟ ಹಾಗೆ ಯಾವತ್ತೂ ಬಿಟ್ಟಿರಲಿಲ್ಲ. ನಾನೇ ಕಟ್ಟಿ ದೇವರಿಗೂ ಇಟ್ಟೆ, ಮನೆಗೆ ಬಂದ ಮುತ್ತೈದೆಯರಿಗೂ ಕೊಟ್ಟೆ. ಅವ್ವನ ಕೈಗುಣ ಎಂದು ಹೊಗಳಿಕೊಂಡೆ.

ಇನ್ನು ಹಳೇಬೀಡಿನ ಒಂದು ಮನೆಯ ವಿಷಯ. ಕಾರ್ತಿಕ ಕಳೆದ ಮೇಲೆ ಇರಬೇಕು, ಜಾವಗಲ್ ದಾರಿಯ ಬಸ್ಸು ಹಿಡಿದು ಹೋಗಿದ್ದೆ. ತೆಂಗು, ರಾಗಿ ಇರುವ ಒಕ್ಕಲು ಮನೆ. ಲಕ್ವ ಹೊಡೆದು ಒಂದು ಕಡೆ ಸ್ವಾಧೀನವಿಲ್ಲದ ಅಜ್ಜ, ಮಗ ಹೊಲಕ್ಕೆ ಹೋಗಿದ್ದ, ಮನೆಯಲ್ಲಿ ಸೊಸೆ ಮತ್ತು ಆಯಾ. ಎಲ್ಲ ಒಪ್ಪವಾಗಿತ್ತು. ಅಜ್ಜ "ಚೆನ್ನಾಗ್ ನೋಡ್ಕತಾರೆ" ಎಂದೂ ಆಯಿತು. ನಾನು ನೀರು ಕೊಡಿಸಿದೆ. ಆತ ಲೋಟ ಎತ್ತಿದವನು ಇಳಿಸಲೇ ಇಲ್ಲ, ಗಂಟಲು ಗುಟುಗುಟು ಎಂದಿತು, ಗಲ್ಲದಿಂದ ಇಳಿದ ನೀರು ಎದೆಯೆಲ್ಲ ನೆನೆಸಿತು.

ನನಗೆ ಅವ್ವನ ಎರಡು ಜ್ವರವೂ ನೆತ್ತಿಗೇರಿದವು. ಪಕ್ಕದ ಮನೆಯ ಹೆಂಗಸರು ಮೇಡಂ ಬಂದಿದ್ದಾರೆ ಎಂದು ಬಾಗಿಲಲ್ಲಿ ನಿಂತಿದ್ದರು. ಅವರ ಮುಂದೆಯೇ ಸೊಸೆಗೆ ಅಂದೆ, "ಬಚ್ಚಲಿಗೆ ಕರ್ಕೊಂಡ್ ಹೋಗೋ ಸೋಮಾರಿತನಕ್ಕೆ ಬಾಯಿ ಒಣಗಿಸ್ತೀರಲ್ಲ, ನಾಳೆ ನಿಮಗೂ ವಯಸ್ಸಾಗಲ್ವಾ?" ಆಯಾ ಏನೋ ಹೇಳಲು ಬಂದಳು. ಕೈ ಅಡ್ಡ ಹಿಡಿದೆ. ಸೊಸೆ ನೆಲ ನೋಡುತ್ತ ನಿಂತಿದ್ದವಳು ಮೆಲ್ಲಗೆ, "ನಿಮ್ಮನೇಲೂ ವಯಸ್ಸಾದೋರು ಅವ್ರಾ ಮೇಡಂ?" ಎಂದಳು.

"ಇದಾರೆ. ನಮ್ಮವ್ವ ಇದಾರೆ. ಅರಸೀಕೆರೆಗೆ ಬಂದಾಗ ಮನೆಗೆ ಬಂದು ನೋಡಿ, ಹೇಗೆ ನೋಡ್ಕೋಬೇಕು ಅಂತ ಗೊತ್ತಾಗುತ್ತೆ" ಎಂದೆ.

ಆ ಮಾತನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಆಯಾಳನ್ನು ಆ ಮನೆಯಿಂದ ತೆಗೆಯಬೇಕು ಎಂದು ಬರೆದು ಕೊಟ್ಟೆ, ತೆಗೆದರು.

ನಮ್ಮ ಕಡೆ ಬನ್ನಿ ಎಂದರೆ ಬಂದೇ ಬರುತ್ತಾರೆ. ಅವರೆಕಾಯಿ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಆ ಸೊಸೆ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಗಂಡ ಮಾರ್ಕೆಟ್ಟಿಗೆ ಕೊಬ್ಬರಿ ತಂದಿದ್ದನಂತೆ, ಹರಾಜು ಮುಗಿಯುವವರೆಗೆ ಹೊತ್ತಿದೆ ಎಂದು ಮನೆ ಹುಡುಕಿಕೊಂಡು ಬಂದಿದ್ದಳು. ಕೈಯಲ್ಲಿ ಹೊಲದ ಅವರೆಕಾಯಿಯ ಚೀಲ. ಮೊದಲು ನನಗೆ ಇವಳು ಜಗಳಕ್ಕೆ ಬಂದಳೋ ಎನಿಸಿತು. ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. "ಅಜ್ಜೀನ ಮಾತಾಡ್ಸಣ ಅಂತ ಬಂದೆ" ಎಂದಳು. ನನಗೆ ಒಳಗೊಳಗೇ ಹಿಗ್ಗು. ಅವ್ವನ ಕೋಣೆಗೆ ಕರೆದುಕೊಂಡು ಹೋಗಿ, ಒಗೆದ ದುಪ್ಪಟಿ, ನೀರಿನ ಚೊಂಬು, ವಾಕರ್ ಎಲ್ಲವೂ ಅವಳ ಕಣ್ಣಿಗೆ ಬೀಳಲಿ ಎಂದು ಲೈಟು ಹಾಕಿದೆ. ಅವಳಿಗೂ ಬೆಲ್ಲ, ನೀರು ಕೊಟ್ಟು ಕಾಫಿ ಮಾಡಲು ಹೋದೆ. ಆಯಾ ಅವತ್ತು ತಮ್ಮೂರಲ್ಲಿ ಯಾವುದೋ ಮದುವೆ ಎಂದು ಊಟದ ಹೊತ್ತಿಗೇ ಹೊರಟುಹೋಗಿದ್ದಳು.

ಅಡುಗೆಮನೆಗೂ ಅವ್ವನ ಕೋಣೆಗೂ ನಡುವೆ ಒಂದು ಸಣ್ಣ ಕಿಟಕಿ ಇದೆ. ಅವ್ವ ಕೂಗಿದರೆ ಕೇಳಲಿ ಎಂದು ಅದನ್ನು ಯಾವಾಗಲೂ ತೆಗೆದೇ ಇಟ್ಟಿರುತ್ತೇವೆ. ಹಾಲು ಒಲೆಯ ಮೇಲಿಟ್ಟಿದ್ದೆ. ಆ ಕಡೆಯಿಂದ ಮಾತು ಕೇಳಿತು.

"ಯಾಕಜ್ಜಿ, ಕುಡಿಯೋ ನೀರ ಗಿಡಕ್ಕೆ ಹುಯ್ತೀರ?" ಹಳೇಬೀಡಿನವಳ ದನಿ.

"ಎಂಜಲು ಮಾಡಿಲ್ಲ ಕಣವ್ವ, ಎತ್ತಿ ಕುಡಿಯೋದು ನಾನು" ಎಂದಳು ಅವ್ವ.

"ಅದಲ್ಲ ಅಜ್ಜಿ. ನೀವು ಕುಡಿಯಲ್ವಾ?"

ಚೊಂಬು ಕೆಳಗಿಟ್ಟ ಸದ್ದಾಯಿತು. ಆ ಹೆಣ್ಣೇ ಮುಂದುವರಿಸಿದಳು, "ನಮ್ಮ ಮಾವನೂ ಹಿಂಗೇ. ಆಯಾ ಎಷ್ಟು ಬಲವಂತ ಮಾಡಿದ್ರೂ ಕುಡಿಯಾಕಿಲ್ಲ. ಆಯಾ ಹೋದ್ಮೇಲೆ ಸೊಸೆ ಕೈ ಹಿಡ್ಕಂಡು ಬಚ್ಚಲಿಗೆ ಹೋಗ್ಬೇಕಲ್ಲ ಅಂತ ಅವ್ರಿಗೆ ನಾಚ್ಕೆ. ಮಗ ಹೊಲದಿಂದ ಬರೋಗಂಟ ಬಾಯಿ ಕಟ್ಕಂಡಿರ್ತಾರೆ. ಹೊಸಬ್ರು ಯಾರಾದ್ರೂ ಕೊಟ್ರೆ ಮಾತ್ರ ಬ್ಯಾಡ ಅನ್ನಾಕೆ ಆಗ್ದೆ ಕುಡ್ದುಬಿಡ್ತಾರೆ."

ನಾನು ಒಲೆ ಬಿಟ್ಟು ಕಿಟಕಿಯ ಹತ್ತಿರ ಬಂದೆ.

"ನಂದೂ ಅದೇ ಕತೆ ಕಣವ್ವ" ಎಂದಳು ಅವ್ವ. "ಆಯಾ ಇರೋಗಂಟ ಕುಡೀತೀನಿ. ಆಮ್ಯಾಕೆ ಮುಟ್ಟಾಕಿಲ್ಲ. ಒಂದಕ್ಕೆ ಅಂದ್ರೆ ಈ ಹಜಾರ ದಾಟ್ಬೇಕು. ಅಳಿಯಂದ್ರು ಅಲ್ಲೇ ಕುಂತಿರ್ತಾರೆ. ಅವರ ಮುಂದೆ ತಲೆ ಎತ್ತಿ ನಡ್ದೋಳಲ್ಲ ನಾನು. ಈಗ ಸೀರೆನೂ ಸರಿಗೆ ನಿಲ್ಲಾಕಿಲ್ಲ, ಒಂದೊಂದ್ಸಲ ಅರ್ಧ ದಾರೀಲೇ ಆಗೋಯ್ತದೆ. ಅದ್ಕೆ ಗಿಡಕ್ಕೆ ಹುಯ್ದುಬಿಡ್ತೀನಿ. ಅದಾದ್ರೂ ಹೂ ಬಿಡ್ತದೆ."

"ಮಗಳಿಗೆ ಹೇಳ್ಬಾರ್ದಾ?"

"ಅಯ್ಯೋ, ಅವಳು ಚೆನ್ನಾಗ್ ನೋಡ್ಕತಾಳೆ ಕಣವ್ವ. ಅವಳದೇನೂ ತಪ್ಪಿಲ್ಲ."

ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಮೊದಲ ಬಾರಿಗೆ ನನ್ನ ಬಾಯಿಂದ ಉಸ್ ಎಂದು ಬರಲಿಲ್ಲ. ಊರಿನವರ ಗಂಟಲು ನೋಡಿಕೊಂಡು ತಿರುಗಿದವಳು ನಾನು. ನಮ್ಮವ್ವ ಖಾಲಿ ಚೊಂಬು ತೋರಿಸಿ ನನ್ನನ್ನೇ ಮರುಳು ಮಾಡಿದ್ದಳು. ನೀರು ಕೊಡುತ್ತಿಲ್ಲ ಎಂದೇ ನಂಬಿಕೊಂಡು ನಾನು ಇಬ್ಬರು ಆಯಾಗಳ ಕೆಲಸ ಕಳೆದಿದ್ದೆ, ಈ ಸೊಸೆಯ ಮಾನವನ್ನು ಅಕ್ಕಪಕ್ಕದವರ ಮುಂದೆ ತೆಗೆದಿದ್ದೆ. ಕಾಫಿ ತೆಗೆದುಕೊಂಡು ಹೋದಾಗ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆ ಹೆಣ್ಣು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಕಾಫಿ ಕುಡಿದು, ಲೋಟ ತೊಳೆದಿಡಲು ಹೋದಳು, ನಾನು ಬಿಡಲಿಲ್ಲ. ಕುಂಕುಮ ಕೊಡುವಾಗ ನಾನೇ ಬಾಯಿ ಬಿಟ್ಟೆ, "ಅವತ್ತು ನಿಮ್ಮನೇಲಿ ನಾನು ಹಾಗೆ ಮಾತಾಡಬಾರದಿತ್ತು. ಆ ಆಯಾನ ವಾಪಸ್ ಕಳಿಸೋಕೆ ಹೇಳ್ತೀನಿ" ಎಂದೆ.

"ಬಿಡಿ ಮೇಡಂ. ಅವಳು ಬೇಲೂರಲ್ಲಿ ಯಾರ್ದೋ ಮನೆ ಹಿಡ್ಕಂಡ್ಲು. ಈಗಿನವಳೂ ಒಳ್ಳೆಯವಳೇ" ಎಂದಳು. ಕನಕಾಂಬರದ ಮಾಲೆ ಕೊಟ್ಟೆ. ಅವಳು ಅದನ್ನು ಮುಡಿಯಲಿಲ್ಲ, ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡಿ, ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡಳು. ಅವಳಿಗೂ ಹೊಳೆದಿತ್ತು, ನನಗೂ ಹೊಳೆದಿತ್ತು, ಆ ಹೂವು ಯಾವ ನೀರಿನದು ಎಂದು.

ಅವಳು ಹೋದ ಮೇಲೆ ಯಜಮಾನರಿಗೆ ಹೇಳಿದೆ. ಅವರು ಟಿವಿ ಆರಿಸಿದರು. "ನಾನು ಒಂದಿನ ಕಣ್ಣೆತ್ತಿ ಅತ್ತೆಯವರ ಕಡೆ ನೋಡಿದೋನಲ್ಲ ಕಣೇ" ಎಂದರು. ಪಾಪ, ಅವರದ್ದೇನೂ ತಪ್ಪಿರಲಿಲ್ಲ. ಆದರೂ ಎದ್ದು, ಕುರ್ಚಿಯನ್ನು ಎತ್ತಿಕೊಂಡು ಹೋಗಿ ಮುಂದಿನ ಜಗಲಿಯಲ್ಲಿ ಹಾಕಿಕೊಂಡರು. ಅವತ್ತಿನಿಂದ ಮೂರು ಗಂಟೆ ಹೊಡೆದರೆ ಅವರು ಜಗಲಿಗೆ. ಸಂಜೆಯ ಚಳಿಗೆ ಮಫ್ಲರು ಸುತ್ತಿಕೊಂಡು ಪೇಪರು ಹಿಡಿದು ಕೂರುತ್ತಿದ್ದರು. "ಏನ್ ಸಾರ್, ಮನೆಯೋರು ಆಚೆ ಹಾಕಿದ್ರಾ?" ಎಂದು ದಾರಿಹೋಕರು ಕೇಳಿದರೆ "ಹೂಂ ಕಣ್ರೀ, ಡಿಪೋದಿಂದಲೂ ರಿಟೈರು, ಮನೆಯಿಂದಲೂ ರಿಟೈರು" ಎಂದು ನಗುತ್ತಿದ್ದರು.

ನಿಜ ಹೇಳಬೇಕೆಂದರೆ ನನ್ನ ಮನಸ್ಸು ಆಗ ಹಗುರವಾಗಿತ್ತು. ತಪ್ಪು ಸಿಕ್ಕಿಬಿಟ್ಟಿತ್ತು, ಅದು ಒಂದು ಕುರ್ಚಿಯದ್ದು. ಹಳೇ ಕಾಲದ ಹೆಂಗಸು, ಅಳಿಯನ ಎದುರು ನಾಚಿಕೆ, ಅಷ್ಟೇ. "ಅವಳದೇನೂ ತಪ್ಪಿಲ್ಲ" ಎಂದು ಅವ್ವ ಹೊರಗಿನವಳ ಮುಂದೆ ಹೇಳಿದ್ದು ನನ್ನ ಎದೆಯಲ್ಲಿ ಬೆಚ್ಚಗೆ ಕೂತಿತ್ತು. ಅದೇ ಮಾತನ್ನು ಎಷ್ಟೋ ಮನೆಗಳಲ್ಲಿ ಅದೇ ರಾಗದಲ್ಲಿ ಕೇಳಿ ನಂಬದೆ ಎದ್ದು ಬಂದವಳು, ನನ್ನ ಮನೆಯಲ್ಲಿ ಕೇಳಿದಾಗ ಕಣ್ಣಲ್ಲಿ ನೀರು ತಂದುಕೊಂಡೆ.

ಹೀಗೇ ಕೆಲವು ದಿನ ಹೋದವು. ಒಂದು ಸಂಜೆ ಹೂ ಬಿಡಿಸಲು ಹೋಗಿ ಕುಂಡದ ಮಣ್ಣಿಗೆ ಕೈ ತಾಗಿತು. ಒದ್ದೆ. ಬೆಳಿಗ್ಗೆಯಿಂದ ಬಿಸಿಲು ಕಾದಿತ್ತು, ಗಿಡಕ್ಕೆ ನಾನಾಗಲಿ ಆಯಾ ಆಗಲಿ ನೀರು ಹಾಕಿರಲಿಲ್ಲ. ಬೆರಳು ಒಳಗೆ ಇಳಿಸಿ ನೋಡಿದೆ, ಕೆಸರಾಗಿತ್ತು.

ಒಳಗೆ ಹೋದೆ. ಅವ್ವ ದಿಂಬಿಗೆ ಒರಗಿ ಕೂತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ಅವ್ವ, ಅವರು ಆಚೆ ಕೂತಿದಾರೆ. ಹಜಾರ ಖಾಲಿ ಇದೆ. ಇನ್ನೂ ಯಾಕೆ ಗಿಡಕ್ಕೆ ಹುಯ್ತೀಯ?"

"ಒಣಗೋಯ್ತದೆ ಕಣೆ, ಬಿಸಿಲು."

"ಡಾಕ್ಟರು ಏನ್ ಹೇಳಿದ್ರು ಗೊತ್ತಾ ನಿಂಗೆ? ಇನ್ನೊಂದ್ ಸಲ ಜ್ವರ ಬಂದ್ರೆ ನೀನು ಉಳಿಯೋದೇ ಕಷ್ಟ ಅಂದ್ರು." ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಸಿಟ್ಟಿನಲ್ಲಿ ಹೇಳಿಬಿಟ್ಟೆ.

ಅವ್ವ ಗಾಬರಿಯಾಗಲಿಲ್ಲ. "ಗೊತ್ತು. ನೀನು ಫೋನಲ್ಲಿ ಯಾರ್ಗೋ ಹೇಳ್ತಿದ್ದೆ" ಎಂದಳು.

"ಗೊತ್ತಿದ್ದೂ ಹಿಂಗೆ ಮಾಡ್ತೀಯಾ? ನಾನೇನ್ ಕಮ್ಮಿ ಮಾಡಿದೀನಿ ನಿಂಗೆ? ಕರೆದಾಗೆಲ್ಲ ಬರಲ್ವಾ?"

"ಬತ್ತೀಯ ಕಣೆ. ಇಲ್ಲ ಅಂದೋಳೇ ಅಲ್ಲ ನೀನು." ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಆದ್ರೆ ಬರಾಕೆ ಮುಂಚೆ ಉಸ್ ಅಂತೀಯ."

ನಾನು ಖಾಲಿ ಚೊಂಬನ್ನು ಕೈಗೆತ್ತಿಕೊಂಡೆ. ಅವ್ವ ಮಾತು ಮುಂದುವರಿಸಿದಳು.

"ನಾನು ಇಲ್ಲಿಂದ ಕೂಗ್ತೀನಿ. ನೀನು ಅಡಿಗೆಮನೇಲಿ ಒಂದ್ಸಲ ಉಸ್ ಅಂತೀಯ, ಆಮೇಲೆ ಕಾಲು ಸದ್ದು ಕೇಳ್ತದೆ. ಆ ಉಸ್ ಕೇಳ್ತಲೆ ನನ್ಗೆ ಯಾಕಾದ್ರೂ ಕೂಗಿದ್ನೋ ಅನ್ನಿಸ್ತದೆ. ಆಯಾ ಕೂಲಿಗೆ ಬತ್ತಾಳೆ, ಅವಳ್ನ ಕೂಗಾಕೆ ನನ್ಗೆ ನಾಚ್ಕೆ ಇಲ್ಲ. ನಿನ್ನ ಕೂಗಾಕೆ ನಾಚ್ಕೆ ಆಯ್ತದೆ."

"ಮತ್ತೆ ಅವತ್ತು ಆ ಹಳೇಬೀಡಿನವಳಿಗೆ ಅಳಿಯಂದ್ರು ಅಂದ್ಯಲ್ಲ?" ಎಂದು ಕೇಳಿದೆ.

ಅವ್ವ ನನ್ನನ್ನು ನೋಡಿದಳು, ದಡ್ಡ ಮಗುವನ್ನು ನೋಡಿದ ಹಾಗೆ. "ಹೊರಗ್ನೋಳ ಮುಂದೆ ಮಗಳನ್ನ ಬಿಟ್ಕೊಡಾಕಾಯ್ತದಾ?"

ಆ ಹೊತ್ತಿನಲ್ಲಿ ನನಗಾದ ನಾಚಿಕೆಯನ್ನು ಹೇಗೆ ಹೇಳಲಿ. ಹಿಡಿಯಷ್ಟಾದೆ ಎನ್ನುತ್ತಾರಲ್ಲ, ಹಾಗೆ ಆದೆ. ನನ್ನ ಮೇಲೆ ಬರಬೇಕಾದ ಮಾತನ್ನು ಅವ್ವ ಅಳಿಯನ ಮೇಲೆ ಹಾಕಿ ನನ್ನ ಮರ್ಯಾದೆ ಉಳಿಸಿದ್ದಳು. ಅಳಿಯನ ಮರ್ಯಾದೆ ಅವಳಿಗೆ ಎಷ್ಟು ದೊಡ್ಡದೆಂದು ನನಗೆ ಗೊತ್ತು, ಅದಕ್ಕಿಂತ ನನ್ನದನ್ನು ದೊಡ್ಡದು ಮಾಡಿದ್ದಳು. ಆ ಸುಳ್ಳನ್ನು ನಂಬಿ ನಾನು ಆ ಸಾಧು ಮನುಷ್ಯರನ್ನು ಚಳಿಯಲ್ಲಿ ಬೀದಿಗೆ ಕೂರಿಸಿದ್ದೆ. ನಾನು ಉಸ್ ಎನ್ನುತ್ತೇನೆ ಎನ್ನುವುದು ಇಡೀ ಸ್ಕೂಲಿಗೆ ಗೊತ್ತಿತ್ತು, ಗಂಡನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅದನ್ನು ಕೇಳಿ ಒಬ್ಬಳು ಬಾಯಾರಿಕೊಂಡು ಕೂತಿರುತ್ತಾಳೆ ಎಂದು ಮಾತ್ರ ಗೊತ್ತಿರಲಿಲ್ಲ. ಅವ್ವನ ಮಂಚದ ತುದಿಯಲ್ಲಿ ಕೂತು ಅತ್ತೆ. ಅವ್ವ, "ಅಳ್ಬ್ಯಾಡ ಕಣೆ, ಅಳಿಯಂದ್ರು ಕೇಳಿಸ್ಕಂಡಾರು" ಎಂದಳು.

ಯಜಮಾನರಿಗೆ ಅವತ್ತೇ ಹೇಳಿದೆ. ಹೇಳುವುದು ಅವರ ಕುರ್ಚಿಯ ವಿಷಯ ಹೇಳಿದಷ್ಟು ಸುಲಭವಾಗಿರಲಿಲ್ಲ. ಅವರು ರೇಗಿಸಲಿಲ್ಲ. "ಹಂಗಾದ್ರೆ ಕುರ್ಚಿ ಒಳಗ್ ತರ್ಲಾ?" ಎಂದು ಮಾತ್ರ ಕೇಳಿದರು. ನಾನೇ ತಂದು ಹಾಕಿದೆ. ಆದರೆ ಅವ್ವ ವಾಕರ್ ಹಿಡಿದು ಹಜಾರಕ್ಕೆ ಬಂದಾಗಲೆಲ್ಲ ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಒಂದು ದಿನ ತಲೆಕೆಳಗಾಗಿ ಹಿಡಿದಿದ್ದರು, ಅವ್ವ ದಾಟಿ ಹೋದ ಮೇಲೆ ಮೂವರೂ ನಕ್ಕೆವು, ಅವ್ವ ಬಚ್ಚಲಿನ ಬಾಗಿಲಿನಿಂದ.

ಮನೆಗಳಿಗೆ ಈಗಲೂ ಹೋಗುತ್ತೇನೆ. ಬಿಟ್ಟುಬಿಡೋಣ ಎಂದುಕೊಂಡೆ, ಹೇಳೋದು ಆಚಾರ ತಿನ್ನೋದು ಬದನೇಕಾಯಿ ಎಂದು ಜನ ಆಡಿಕೊಂಡರೆ ಅದು ನ್ಯಾಯವೇ. ಆದರೆ ಬಿಡಲಿಲ್ಲ. ನಮ್ಮ ಮನೆಯಿಂದ ನಾನು ಬಿಡಿಸಿದ್ದ ಆಯಾಳ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ಅವಳು "ಅಜ್ಜಿ ಹೆಂಗವ್ರೆ?" ಎಂದು ಕೇಳಿದಳು, ಬೇರೇನೂ ಕೇಳಲಿಲ್ಲ. ಈಗ ಯಾರ ಮನೆಗೆ ಹೋದರೂ ನೀರಿನ ಪರೀಕ್ಷೆ ಮಾಡುವುದಿಲ್ಲ. ಆಯಾಳನ್ನೂ ಮನೆಯವರನ್ನೂ ಏನಾದರೂ ನೆಪ ಹೇಳಿ ಹೊರಗೆ ಕಳಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಆಮೇಲೆ ಕೇಳುತ್ತೇನೆ, "ಆಯಾ ಹೋದ ಮೇಲೆ ಯಾರನ್ನ ಕೂಗ್ತೀರಿ? ಕೂಗೋಕೆ ಕಷ್ಟ ಆಗುತ್ತಾ?" ಕೆಲವರು ಹೇಳುತ್ತಾರೆ. ಹೆಚ್ಚಿನವರು ಬಾಗಿಲ ಕಡೆ ನೋಡಿ, ಚೆನ್ನಾಗಿ ನೋಡಿಕೊಳ್ಳುತ್ತಾರೆ ಎನ್ನುತ್ತಾರೆ. ಸಂಸ್ಥೆಯ ಹಾಳೆಯಲ್ಲಿ ಆಯಾಳ ಬಗ್ಗೆ ಬರೆಯಲು ಜಾಗವಿದೆ. ಮಗಳ ಬಗ್ಗೆ ಬರೆಯಲು ಜಾಗವಿಲ್ಲ.

ಉಸ್ ಎನ್ನುವುದನ್ನು ಬಿಟ್ಟಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಇಷ್ಟು ವರ್ಷದ ಅಭ್ಯಾಸ, ಅದು ನನಗಿಂತ ಮೊದಲು ಎದ್ದು ಬರುತ್ತದೆ. ಮೊನ್ನೆ ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಆ ಸಣ್ಣ ಕಿಟಕಿಯಿಂದ ಅವ್ವ ಕೂಗಿದಳು, ಮೆಲ್ಲಗೆ, ಕೇಳದಿದ್ದರೂ ಸರಿ ಎನ್ನುವ ಹಾಗೆ. ಒಲೆ ಆರಿಸಿದೆ. ಉಸಿರು ಗಂಟಲ ತನಕ ಬಂತು. ಬಿಗಿಯಾಗಿ ತಡೆದೆ. ಹಾಗೇ ತಡೆದುಕೊಂಡು ಹೋಗಿ ಅವ್ವನ ತೋಳಿಗೆ ಕೈ ಕೊಟ್ಟೆ.

ಅವ್ವ ಮಂಚದಿಂದ ಕಾಲು ಇಳಿಸಿ, ವಾಕರ್ ಹಿಡಿದು, ಒಂದು ಗಳಿಗೆ ನಿಂತಳು.

"ಉಸಿರು ಕಟ್ಕಂಡು ಬರಬ್ಯಾಡ ಕಣೆ" ಎಂದಳು. "ಅದೂ ಕೇಳ್ತದೆ."

ನಾನು ಉಸಿರು ಬಿಟ್ಟೆ. ಇಬ್ಬರೂ ಹಜಾರ ದಾಟಿ ಹೋಗಿ, ದಾಟಿ ಬಂದೆವು. ವಾಪಸ್ಸು ಬಂದ ಮೇಲೆ ಲೋಟ ತುಂಬಿ ಕೊಟ್ಟೆ. ಅವ್ವ ಎತ್ತಿ ಅರ್ಧ ಕುಡಿದಳು. ಉಳಿದರ್ಧವನ್ನು, ನಾನು ನೋಡುತ್ತಾ ನಿಂತಿದ್ದಂತೆಯೇ, ಕಿಟಕಿಯಿಂದ ಕೈ ಚಾಚಿ ಕನಕಾಂಬರಕ್ಕೆ ಹಾಕಿದಳು.